ಒರಗಮ್ಮನ ಊರಿನ ತಲೆದಿಂಬು

ನಮ್ಮ ಊರಿನ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಅದನ್ನು ಎರಡು ಭಾಗ ಮಾಡಬೇಕಾಗುತ್ತದೆ: ತಲೆದಿಂಬು ಬರುವುದಕ್ಕೆ ಮುಂಚಿನದು, ತಲೆದಿಂಬು ಬಂದಮೇಲಿನದು. ಪಾಳೆಯಗಾರರು ಬಂದುಹೋದದ್ದು, ಪ್ಲೇಗು ಬಂದುಹೋದದ್ದು, ಕರೆಂಟು ಬಂದು ಈಗಲೂ ಆಗಾಗ ಹೋಗುತ್ತಿರುವುದು, ಇವಕ್ಕೆಲ್ಲ ಒಂದು ಅಡಿಟಿಪ್ಪಣಿ ಸಾಕು. ಯಾತ್ರಿಕರು ತಮ್ಮ ದಿಂಬನ್ನು ತಾವೇ ತರಬಹುದೋ ಅಥವಾ ಊರಿನ ದಿಂಬನ್ನೇ ಬಾಡಿಗೆಗೆ ಪಡೆಯಬೇಕೋ ಎಂಬ ಪ್ರಶ್ನೆ ದೇವಸ್ಥಾನದ ಸಮಿತಿಯ ಮುಂದೆ ಬಂದ ದಿನ ಎರಡು ಮನೆತನಗಳು ಮಾತು ಬಿಟ್ಟವು, ಒಂದು ನಿಶ್ಚಿತಾರ್ಥ ಮುರಿಯಿತು. ಊರಿನ ವಾಚನಾಲಯ ನೋಡಿಕೊಳ್ಳುವವನು ನಾನು. ನೆಟ್ಟಗೆ ನಾಲ್ಕು ಸಾಲು ಬರೆಯಬಲ್ಲೆ ಎಂಬ ಒಂದೇ ಕಾರಣಕ್ಕೆ ಸಮಿತಿಯಲ್ಲಿ ನನ್ನನ್ನೂ ಕೂರಿಸಿದ್ದರು. ಊರಿನ ದಿಂಬೇ ಕಡ್ಡಾಯ ಎಂದು ಕಡೆಗೆ ತೀರ್ಮಾನವಾಯಿತು. ಬೋರ್ಡು ಬರೆದವನು ನಾನೇ.

ಹೊರಗಿನವರಿಗೆ ಇದು ನಗುವ ವಿಷಯ. ಆದರೆ ನಮ್ಮಲ್ಲಿ ನಿದ್ದೆ ಎಂದರೆ ದೇವರ ಕೆಲಸ. ಊರಿನ ಬಡಗಣ ದಿಕ್ಕಿಗೆ ಒಂದು ಬಂಡೆಗುಡ್ಡವಿದೆ. ಒಬ್ಬ ಹೆಂಗಸು ಒಂದು ಮಗ್ಗುಲಾಗಿ ಒರಗಿದ ಹಾಗೆ ಅದರ ಆಕಾರ. ತಲೆಯ ಕಡೆ ಸಣ್ಣ ಗುಡಿ. ಅವಳು ಒರಗಮ್ಮ, ನಾವು ಅವ್ವ ಎನ್ನುತ್ತೇವೆ. ಮಧ್ಯಾಹ್ನದ ನೈವೇದ್ಯ ಆದಮೇಲೆ ಅವ್ವನಿಗೆ ಜೋಗುಳ ಹಾಡಿ ಮಲಗಿಸುತ್ತಾರೆ. ಅವ್ವ ಮಲಗಿದಳೆಂದರೆ ಗಡಿಕಲ್ಲುಗಳ ಒಳಗಿರುವ ಎಲ್ಲವೂ ಮಲಗಬೇಕು. ಮನುಷ್ಯರು, ಎಮ್ಮೆ, ನಾಯಿ, ಹುಣಸೇಮರದ ಮೇಲಿನ ಕಾಗೆ, ಗುಡಿಯ ಹುಂಡಿಯನ್ನು ನೋಡಿಕೊಂಡು ಹೋಗೋಣವೆಂದು ಬಂದ ಕಳ್ಳ, ಎಲ್ಲರೂ. ಆದ್ದರಿಂದ ಆ ಹೊತ್ತು ಹತ್ತಿರ ಬಂದಂತೆ ನಮ್ಮವರು ಒಲೆ ಆರಿಸುತ್ತಾರೆ, ಬಾವಿಗೆ ಹಲಗೆ ಮುಚ್ಚುತ್ತಾರೆ, ತೊಟ್ಟಿಲ ಮಗುವನ್ನು ನೆಲಕ್ಕೆ ಇಳಿಸುತ್ತಾರೆ. ತೆಂಗಿನಮರ ಹತ್ತಿದವನನ್ನು ಕೂಗಿ ಇಳಿಸುತ್ತಾರೆ. ಕ್ಷೌರದವನು ಬೇಗ ಮುಗಿಸಲಾರದ ಗಡ್ಡಕ್ಕೆ ಕೈ ಹಾಕುವುದಿಲ್ಲ. ಬಸ್ಸುಗಳು ಗಡಿಕಲ್ಲಿನ ಆಚೆಯೇ ನಿಲ್ಲುತ್ತವೆ. ಡ್ರೈವರುಗಳು ಅಲ್ಲಿ ಬೇವಿನಮರದ ಕೆಳಗೆ ಇಸ್ಪೀಟು ಆಡುತ್ತಾರೆ. ಇದಕ್ಕೆ ಹೊಂದಿಕೊಳ್ಳುವುದು ಕಷ್ಟವೇನಲ್ಲ. ಬೇರೆ ಊರುಗಳಲ್ಲಿ ಜನ ಇದಕ್ಕಿಂತ ಕೆಟ್ಟ ಕಾನೂನುಗಳಿಗೆ ಹೊಂದಿಕೊಂಡಿದ್ದಾರೆ.

ಆ ನಿದ್ದೆ ಬರಿಯ ನಿದ್ದೆಯಲ್ಲ. ಕಣ್ಣು ಮುಚ್ಚುವ ಹೊತ್ತಿಗೆ ಬೆನ್ನಿನ ಮೇಲೆ ಒಂದು ಕೈ ಬರುತ್ತದೆ. ಮಗುವನ್ನು ತಟ್ಟಿ ಮಲಗಿಸುವ ಹಾಗೆ ಮೆಲ್ಲಗೆ ತಟ್ಟುತ್ತದೆ. ಯಾರ ಕೈ ಎಂಬುದು ಅವರವರಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಯಾರೂ ಇನ್ನೊಬ್ಬರನ್ನು ಕೇಳುವುದಿಲ್ಲ. ನನಗೆ ಬರುವುದು ನನ್ನ ಅಪ್ಪನ ಕೈ. ಬದುಕಿದ್ದಾಗ ಅವನು ಹೊಡೆಯುವುದಕ್ಕಲ್ಲದೆ ನನ್ನನ್ನು ಮುಟ್ಟಿದವನಲ್ಲ. ಈಗ ದಿನಾ ಮಧ್ಯಾಹ್ನ ಬಂದು ತಟ್ಟಿ ಹೋಗುತ್ತಾನೆ. ನಾನು ಅದರ ಬಗ್ಗೆ ಹೆಚ್ಚು ಯೋಚನೆ ಮಾಡುವುದಿಲ್ಲ, ಆದರೆ ಒಂದು ದಿನವೂ ಊರು ಬಿಟ್ಟು ಇರುವುದಿಲ್ಲ.

ಈ ನಿದ್ದೆ ಹತ್ತದವಳು ಊರಿನಲ್ಲಿ ಒಬ್ಬಳೇ: ಜೋಗುಳ ಹಾಡುವ ಹಾಲಮ್ಮ. ಹಾಡಿದವರಿಗೆ ಆ ಹಾಡು ಹತ್ತುವುದಿಲ್ಲ. ಹಾಡುವುದು ಅವಳ ಗಂಡನ ಮನೆಯ ಹೆಂಗಸರ ಪಾಲಿನ ಸೇವೆ. ಅತ್ತೆ ಸೊಸೆಗೆ ಹೇಳಿಕೊಡುತ್ತಾ ಬಂದದ್ದು. ಹಾಲಮ್ಮನ ಅತ್ತೆಗೆ ಸೇವೆ ಬೇಗ ಸಾಕಾಗಿತ್ತು. ಸೊಸೆ ಮನೆ ತುಂಬಿದ ಮಾರನೆಯ ದಿನವೇ ಅವಳನ್ನು ಗುಡಿಯಲ್ಲಿ ಕೂರಿಸಿ, ತಾನು ಹೊರಗೆ ಬಂದು ಚಾಪೆ ಹಾಸಿಕೊಂಡಳಂತೆ. ಅಲ್ಲಿಂದ ಇಲ್ಲಿಯವರೆಗೆ ಹಾಲಮ್ಮ ಒಂದು ಮಧ್ಯಾಹ್ನವೂ ತಪ್ಪಿಸಿಲ್ಲ. ಬಾಣಂತನದಲ್ಲಿಯೂ ಗುಡಿಯ ಹೊರಗೆ ನಿಂತು ಹಾಡಿದಳು. ಗಂಡ ತೀರಿದ ದಿನವೂ ಹಾಡಿದಳು. ಹೆಣದ ಸುತ್ತ ಅಳುತ್ತಿದ್ದವರೆಲ್ಲ ಅಲ್ಲಲ್ಲೇ ಒರಗಿದರು, ಅವಳೊಬ್ಬಳು ಎದ್ದಿದ್ದಳು. ಊರು ಮಲಗಿರುವಾಗ ಅವಳು ಏನು ಮಾಡುತ್ತಾಳೆಂದು ಯಾರೂ ಕೇಳಿದವರಲ್ಲ. ಎಲೆಅಡಿಕೆ ಹಾಕಿಕೊಂಡು ಕೂತಿರುತ್ತಾಳೆ ಎಂದು ನಾವು ತಿಳಿದಿದ್ದೆವು.

ಒಮ್ಮೆ ಅವಳು ನನ್ನನ್ನು ಕೇಳಿದಳು. ವಾಚನಾಲಯದ ಜಗಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು. "ಪರಪ್ಪ, ಆ ಕೈ ಹೆಂಗಿರ್ತದೆ?"

"ಹೆಂಗೆ ಹೇಳ್ಲಿ ಹಾಲಕ್ಕ. ಕೈ ಇದ್ಹಂಗೆ ಇರ್ತದೆ."

"ಇಷ್ಟೊಂದು ಪುಸ್ತಕ ಓದೀಯ, ಒಂದು ಕೈ ಹೆಂಗಿರ್ತದೆ ಅಂತ ಹೇಳಾಕೆ ಬರಲ್ಲ." ಅಡಿಕೆಯ ಚೂರನ್ನು ಬಾಯಿಗೆ ಹಾಕಿಕೊಂಡಳು. "ನಮ್ಮವ್ವ ನನ್ನ ಹೆತ್ತು ಬಾಳ ದಿನ ಇರ್ಲಿಲ್ಲ. ಮಲಗ್ಸಿದ್ಲೋ ಇಲ್ವೋ, ನಂಗೆ ನೆನಪಿಲ್ಲ. ಬರೋದಾದ್ರೆ ಅವಳೇ ಬರಬೇಕು. ಒಂದೇ ಒಂದು ಸಲ ಮಲಗಿ ನೋಡಬೇಕು ಕಣಪ್ಪ. ಅಷ್ಟೇ."

"ಸುನಂದಂಗೆ ಹೇಳ್ಕೊಡು ಮತ್ತೆ."

ಸುನಂದ ಅವಳ ಸೊಸೆ. ದಿಂಬಿನ ಅಂಗಡಿ ಅವಳದೇ. ನಮ್ಮ ಮಾತು ಅವಳಿಗೆ ಕೇಳಿಸುವಷ್ಟು ಹತ್ತಿರದಲ್ಲಿ ನಿಂತು ದಿಂಬಿನ ಗವಸು ಒಣಹಾಕುತ್ತಿದ್ದಳು. "ಹೇಳ್ಕೊಟ್ಟವ್ರೆ, ಹಾಡು ಬಾಯಿಗೆ ಬರ್ತದೆ," ಎಂದಳು. "ಆದ್ರೆ ಊರೆಲ್ಲ ಬಿದ್ಕೊಂಡಿರೋವಾಗ ನಾನೊಬ್ಳು ಕೂತು ಗೊರಕೆ ಕೇಳ್ಕೊಂಡಿರ್ಲಾ ಅತ್ತೆ? ದಿನಕ್ಕೊಂದು ಸಲ ನಮ್ಮಕ್ಕ ಬಂದು ತಟ್ಟಿ ಹೋಗ್ತಾಳೆ. ಅವಳನ್ನ ಯಾಕೆ ಬಿಡ್ಲಿ?"

"ಬಿಡಬ್ಯಾಡ ತಾಯಿ," ಎಂದಳು ಹಾಲಮ್ಮ. ಸಿಟ್ಟಿನಿಂದ ಹೇಳಿದ್ದಲ್ಲ. ಸುನಂದಳ ಅಕ್ಕ ಹೆರಿಗೆಯಲ್ಲಿ ಸತ್ತವಳು. ಅಂಥದ್ದನ್ನು ಬಿಡು ಎಂದು ಯಾರೂ ಯಾರಿಗೂ ಹೇಳಲಾಗುವುದಿಲ್ಲ.

ಈ ನಡುವೆ ನಿದ್ದೆ ಬಾರದವರು ನಮ್ಮೂರನ್ನು ಪತ್ತೆ ಮಾಡಿದರು. ಮೊದಲು ಒಬ್ಬ ನಿವೃತ್ತ ನ್ಯಾಯಾಧೀಶರು ಬಂದರು. ಯಾರದೋ ಕೇಸಿನ ನೆನಪಿನಲ್ಲಿ ವರ್ಷಗಟ್ಟಲೆ ಕಣ್ಣು ಮುಚ್ಚಿರಲಿಲ್ಲವಂತೆ. ಎದ್ದಮೇಲೆ ಗುಡಿಯ ಮೆಟ್ಟಿಲ ಮೇಲೆ ಕೂತು ಗಳಗಳ ಅತ್ತರು. ಅವರು ಹೋಗಿ ಹೇಳಿದ ಮೇಲೆ ಡಾಕ್ಟರುಗಳು ಬಂದರು, ವ್ಯಾಪಾರಸ್ಥರು ಬಂದರು, ಕೂಸು ಮಲಗಿದರೂ ತಮಗೆ ನಿದ್ದೆ ಬಾರದ ತಾಯಂದಿರು ಬಂದರು. ಆಮೇಲೆ ನಿದ್ದೆ ಚೆನ್ನಾಗಿಯೇ ಬರುವವರೂ, ಹೇಗಿರುತ್ತದೋ ನೋಡೋಣವೆಂದು ಬಸ್ಸು ಮಾಡಿಕೊಂಡು ಬರತೊಡಗಿದರು. "ಗ್ಯಾರಂಟಿನಾ ಸಾರ್?" ಎಂದು ಕೇಳುವರು. "ಎಸಿ ರೂಮಲ್ಲಿ ಮಲಗಿದ್ರೂ ಕೈ ಬರುತ್ತಾ?" "ನಮ್ಮ ಯಜಮಾನ್ರಿಗೆ ಅವರಮ್ಮನ ಕೈ ಬೇಡ, ಬೇರೆ ಯಾರ್ದಾದ್ರೂ ಮಾಡಿಸ್ಕೊಡೋಕಾಗುತ್ತಾ?" ಪೂಜಾರಿ ಅಜ್ಜಯ್ಯ ಇಂಥ ಪ್ರಶ್ನೆಗಳಿಗೆಲ್ಲ ಕಣ್ಣು ಮುಚ್ಚಿ ಕುಂಕುಮ ಕೊಡುತ್ತಿದ್ದ. ಗುಡಿಯ ಸುತ್ತಲಿನ ಬಯಲು ಸಾಲದೆ ಹೊಲಗಳಲ್ಲಿ ಚಪ್ಪರ ಎದ್ದವು. ಗಡಿಕಲ್ಲಿನ ಹತ್ತಿರ ಫೋನು ಒಪ್ಪಿಸಿ ಒಳಗೆ ಬರಬೇಕೆಂದು ಸಮಿತಿ ನಿಯಮ ಮಾಡಿತು. ಅವ್ವ ಮಲಗಿರುವಾಗ ಯಾರದೋ ಫೋನು ಸಿನಿಮಾ ಹಾಡು ಹಾಡುವುದು ಚೆನ್ನಾಗಿರಲಿಲ್ಲ.

ಸಮಿತಿಯ ಅಧ್ಯಕ್ಷ ಓಂಕಾರಪ್ಪನವರು ಕೆಟ್ಟವರಲ್ಲ. ಒಂದು ಕಾಲಕ್ಕೆ ಹಿಟ್ಟಿನ ಗಿರಣಿ ಇಟ್ಟಿದ್ದರು. ಏನನ್ನೇ ನೋಡಿದರೂ ಇದನ್ನು ಇನ್ನೂ ಸ್ವಲ್ಪ ಹೆಚ್ಚು ಮಾಡಬಹುದಲ್ಲ ಎಂದು ಅವರಿಗೆ ಅನ್ನಿಸುತ್ತದೆ, ಅಷ್ಟೆ. ಯಾತ್ರಿಕರಿಗೆ ಕೊಡುವ ಹಾಳೆಗೆ ಒಂದು ಒಕ್ಕಣೆ ಬೇಕೆಂದು ನನ್ನಿಂದ ಬರೆಸಿದರು. "ಈ ಪುಣ್ಯಕ್ಷೇತ್ರದಲ್ಲಿ ಅವ್ವನ ನಿದ್ದೆಯ ಸಮಯದಲ್ಲಿ ನೆರಳು ಸರಿಯುವುದಿಲ್ಲ" ಎಂದು ನಾನು ಬರೆದೆ. ಅದನ್ನೇ ಗುಡಿಯ ಗೋಡೆಯ ಮೇಲೂ ಬರೆಸಿದರು. ಅದು ಸುಳ್ಳಲ್ಲ. ಎಲ್ಲಿ ಮಲಗಿದರೂ ನಮ್ಮಲ್ಲಿ ಯಾರೊಬ್ಬರೂ ಮುಖದ ಮೇಲೆ ಬಿಸಿಲು ಬಿದ್ದು ಎದ್ದದ್ದಿಲ್ಲ. ಮರದ ನೆರಳಿನಲ್ಲಿ ಮಲಗಿದರೆ ನೆರಳಿನಲ್ಲಿಯೇ ಏಳುತ್ತೇವೆ. ಇದು ಹುಟ್ಟಿದಾಗಿನಿಂದ ಎಲ್ಲರಿಗೂ ಗೊತ್ತಿದ್ದ ವಿಷಯ.

ಆ ವರ್ಷ ಬೇಸಗೆಯ ಹೊತ್ತಿಗೆ ಹಾಲಮ್ಮನಿಗೆ ಕೆಮ್ಮು ಹಿಡಿಯಿತು. ಒಂದು ದಿನ ಹಾಡಿನ ನಡುವೆ ಸ್ವರ ಒಡೆದು, ಹಿಂದಿನ ಚಪ್ಪರಗಳಲ್ಲಿ ಮಲಗಿದವರಿಗೆ ಅರೆ ನಿದ್ದೆಯಾಯಿತು. ಅವರಲ್ಲೊಬ್ಬರು ಕೈಗೆ ನಿದ್ದೆ ಅಳೆಯುವ ವಾಚು ಕಟ್ಟಿಕೊಂಡಿದ್ದರು. ಅದನ್ನು ಅಧ್ಯಕ್ಷರ ಮೂಗಿನ ಹತ್ತಿರ ಹಿಡಿದು, "ನೋಡಿ, ಡೀಪ್ ಸ್ಲೀಪ್ ಏನೂ ಇಲ್ಲ," ಎಂದು ಜಗಳಕ್ಕೆ ನಿಂತರು. ಓಂಕಾರಪ್ಪನವರು ಅವತ್ತು ಸಂಜೆಯೇ ಸಮಿತಿ ಕರೆದರು. ಗುಡಿಯ ಹಿಂದಿನ ಚಾವಡಿಯಲ್ಲಿ ಕೂತೆವು. ಹಾಲಮ್ಮನನ್ನೂ ಕರೆಸಿದ್ದರು. ಅವಳು ಕಂಬಕ್ಕೆ ಒರಗಿ ಕೂತಳು.

"ನಿನ್ನ ಹಾಡು ರೆಕಾರ್ಡ್ ಮಾಡಿಸ್ಕೊಂಡ್ಬಿಡೋಣ ಹಾಲಮ್ಮ," ಎಂದರು ಓಂಕಾರಪ್ಪ. "ಊರ ತುಂಬ ಸ್ಪೀಕರ್ ಹಾಕ್ಸಾಣ. ನಿಂಗೆ ಕೆಮ್ಮು ಬಂದ್ರೂ ಬರ್ಲಿ, ಹಾಡಿಗೆ ಬರಲ್ಲ."

"ಅವ್ವ ಒಪ್ಪಬೇಕಲ್ಲ," ಎಂದ ಪೂಜಾರಿ ಅಜ್ಜಯ್ಯ.

"ಅವ್ವ ಹಾಡು ಕೇಳ್ತಾಳೋ ಹಾಡೋರ ಮುಖ ನೋಡ್ತಾಳೋ? ಕಣ್ಣು ಮುಚ್ಚಿರ್ತಾಳಲ್ಲಪ್ಪ." ಎಲ್ಲರೂ ನಕ್ಕರು. ಓಂಕಾರಪ್ಪ ಹಾಲಮ್ಮನ ಕಡೆ ತಿರುಗಿ ದನಿ ಇಳಿಸಿದರು. "ಇನ್ನೊಂದು ಮಾತು. ಹಾಡೋದು ಮಿಷನ್ನು ಅಂದ್ರೆ, ನೀನು ಕೇಳೋಳಾದೆ. ನೀನೂ ಮಲಗಬಹುದು."

ಹಾಲಮ್ಮ ಬಾಯಿಯ ತಾಂಬೂಲವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದಳು. "ಏಳ್ಸೋರು ಯಾರು?" ಎಂದಳು.

"ಏಳ್ಸೋದೇನು? ನಾವೇ ಏಳ್ತೀವಿ. ದಿನಾ ಏಳ್ತಿಲ್ವಾ?"

ಹೌದು, ದಿನಾ ಏಳುತ್ತಿದ್ದೆವು. ಅಲ್ಲಿದ್ದ ಎಲ್ಲರಿಗೂ ಅದು ಸರಿ ಅನ್ನಿಸಿತು. ನನಗೂ ಅನ್ನಿಸಿತು. ನಿದ್ದೆ ಮುಗಿಯುವುದನ್ನು ನಮ್ಮಲ್ಲಿ ಯಾರೂ ಎಂದೂ ನೋಡಿರಲಿಲ್ಲ; ಎದ್ದದ್ದು ಮಾತ್ರ ಗೊತ್ತಿತ್ತು. ನೋಡಿದವಳು ಒಬ್ಬಳೇ. ಅವಳು ನಮ್ಮೆಲ್ಲರ ಮುಖಗಳನ್ನು ಒಂದು ಸುತ್ತು ನೋಡಿದಳು. ಆಮೇಲೆ, "ಆಯ್ತಪ್ಪ," ಎಂದು ಎದ್ದು ಹೊರಟುಹೋದಳು. ಎರಡನೆಯ ಸಲ ಅವಳು ಕೇಳಲಿಲ್ಲ. ಅದಕ್ಕಾಗಿ ನಾನು ಅವಳನ್ನು ಎಂದೂ ದೂರಿಲ್ಲ.

ರೆಕಾರ್ಡು ಮಾಡುವುದನ್ನು ಗಡಿಕಲ್ಲಿನ ಆಚೆಗೆ ಇಟ್ಟುಕೊಂಡರು, ಇಲ್ಲದಿದ್ದರೆ ಮಿಷನ್ನಿನವನೇ ಮಲಗಿಬಿಡುತ್ತಿದ್ದ. ನಗರದಿಂದ ಬಂದ ಆ ಮನುಷ್ಯ ಬಹಳ ಮರ್ಯಾದಸ್ಥ. ಬೇವಿನಮರದ ಕೆಳಗೆ ಕುರ್ಚಿ ಹಾಕಿ, ಇಸ್ಪೀಟಿನವರನ್ನು ಸುಮ್ಮನಿರಿಸಿ, ಹಾಲಮ್ಮನ ಬಾಯಿಯ ಮುಂದೆ ಮೈಕು ಹಿಡಿದ. ಅವಳು ಅತ್ತಿತ್ತ ನೋಡಿದಳು.

"ಯಾರನ್ನ ನೋಡ್ಕಂಡು ಹಾಡ್ಲಿ?"

"ಈ ಮೈಕ್ ನೋಡ್ಕೊಂಡು ಹಾಡಿ ಅಮ್ಮ."

"ಇದಕ್ಕೆ ನಿದ್ದೆ ಬರ್ತದಾ?"

"ಇಲ್ಲಮ್ಮ, ಇದಕ್ಕೇನೂ ಆಗಲ್ಲ."

"ಪಾಪ," ಎಂದು ಹಾಲಮ್ಮ ಕೆಮ್ಮು ತಡೆದುಕೊಂಡು ಹಾಡಿದಳು. ನಾನು ಹುಟ್ಟಿದಾಗಿನಿಂದ ಆ ಹಾಡಿನ ಮೊದಲ ಸಾಲುಗಳನ್ನು ಮಾತ್ರ ಕೇಳಿದ್ದೆ. ಅಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಅವತ್ತು ಗಡಿಯ ಆಚೆ ನಿಂತು ಪೂರ್ತಿ ಕೇಳಿದೆ. "ಒರಗೆ ಒರಗವ್ವ, ಒಲೆಯ ಕೆಂಡ ಆರೀತು, ಕರುವು ಕಣ್ಣ ಮುಚ್ಚೀತು, ಕಾಗೆ ಕೊಂಬೆ ಸೇರೀತು, ನೀನು ಒರಗೆ ನನ ತಾಯಿ, ನಾನಿಲ್ಲೇ ಇರುವೆನು." ಎಷ್ಟು ಸಾಲು ಕಳೆದರೂ ಕಡೆಗೆ ಬಂದು ನಿಲ್ಲುವುದು ಅದೇ ಮಾತಿಗೆ: ನಾನಿಲ್ಲೇ ಇರುವೆನು. ಹಾಡು ಮುಗಿದಾಗ ಡ್ರೈವರುಗಳು ಇಸ್ಪೀಟಿನ ಎಲೆಗಳನ್ನು ಕೆಳಗಿಟ್ಟಿದ್ದರು.

ಯಂತ್ರ ಹಾಡುವ ಮೊದಲ ದಿನ ಊರಿಗೆ ಊರೇ ಸಿಂಗಾರವಾಗಿತ್ತು. ಕಂಬಕಂಬಕ್ಕೆ ಸ್ಪೀಕರು. ಯಾತ್ರಿಕರೂ ಎಂದಿಗಿಂತ ಹೆಚ್ಚಿದ್ದರು. ಹಾಲಮ್ಮ ಮಿಂದು, ಮಗನ ಮದುವೆಗೆ ಉಟ್ಟಿದ್ದ ಸೀರೆ ಉಟ್ಟುಕೊಂಡು ಬಂದಳು. ಹುಣಸೇಮರದ ಕೆಳಗೆ ಚಾಪೆ ಹಾಸಿ ಎಲ್ಲರ ಜೊತೆ ಕೂತಳು. ಮಲಗುವುದಕ್ಕೆ ಮುಂಚೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. "ಎಡಮಗ್ಗುಲೋ ಬಲಮಗ್ಗುಲೋ?" ಎಂದು ಸುನಂದಳನ್ನು ಕೇಳಿದಳು. ಪಕ್ಕದ ಚಾಪೆಯ ಯಾತ್ರಿಕರ ಹೆಂಗಸು ನಕ್ಕು, "ಫಸ್ಟ್ ಟೈಮಾ ಅಜ್ಜಿ?" ಎಂದಳು. "ಹೂನವ್ವ," ಎಂದಳು ಹಾಲಮ್ಮ. ಸ್ಪೀಕರಿನಲ್ಲಿ ಅವಳದೇ ದನಿ ಶುರುವಾಯಿತು. ಅವಳ ರೆಪ್ಪೆ ಇಳಿದದ್ದನ್ನು ನಾನು ನೋಡಿದೆ. ಆಮೇಲೆ ನನಗೆ ತಿಳಿಯದು.

ಮುಂದಿನದನ್ನು ಡ್ರೈವರುಗಳು ಹೇಳಬೇಕು. ಏಳುವ ಹೊತ್ತಾಯಿತು, ಯಾರೂ ಬರಲಿಲ್ಲ. ಸಂಜೆಯಾಯಿತು. ಗಡಿಯಲ್ಲಿ ನಿಂತು ಹಾರನ್ನು ಹೊಡೆದರು. ಸ್ಪೀಕರುಗಳು ಹಾಡಿದ್ದನ್ನೇ ಹಾಡುತ್ತಿದ್ದವು. ಕರೆಂಟು ಹೋದಮೇಲೆ ಅದೂ ನಿಂತಿತು, ಆದರೂ ಯಾರೂ ಏಳಲಿಲ್ಲ. ಪೊಲೀಸರಿಗೆ ಫೋನು ಮಾಡಿದರು. ಧೈರ್ಯವಂತ ಪೇದೆಯೊಬ್ಬ ಗಡಿ ದಾಟಿ ಬಂದು, ಬಾಳೆಹಣ್ಣಿನ ಗಾಡಿಯವರೆಗೆ ನಡೆದು, ಅದಕ್ಕೇ ಒರಗಿ ಮಲಗಿದ. ಆಮೇಲೆ ಯಾರೂ ಒಳಗೆ ಕಾಲಿಡಲಿಲ್ಲ. ಬೆಳಗಾಯಿತು. ಬಿಸಿಲೇರಿತು. ಮಧ್ಯಾಹ್ನವೂ ಕಳೆದ ಮೇಲೆ, ನಿದ್ದೆ ತುಂಬಿ ತಾನಾಗಿಯೇ ಎದ್ದವಳು ಹಾಲಮ್ಮ ಒಬ್ಬಳು. ಮದುವೆಯಾಗಿ ಬಂದಾಗಿನಿಂದ ಬಾಕಿ ಉಳಿದಿದ್ದ ಮಧ್ಯಾಹ್ನಗಳಿಗೆ ಅಷ್ಟು ಹೊತ್ತು ಬೇಕಾಯಿತೆಂದು ಕಾಣುತ್ತದೆ. ಎದ್ದವಳು ಸುತ್ತ ನೋಡಿ, ತಲೆಯ ಸೆರಗು ಸರಿಮಾಡಿಕೊಂಡು, ಗುಡಿಯ ಬಾಗಿಲಿಗೆ ಹೋಗಿ, "ಏಳವ್ವ, ಹೊತ್ತು ಇಳೀತು," ಎಂದಳು. ಊರು ಎದ್ದಿತು.

ಎದ್ದು ನೋಡಿದರೆ ನಾವು ಬಿಸಿಲಿನಲ್ಲಿದ್ದೆವು. ನನ್ನ ಬಲಗೆನ್ನೆ ಉರಿಯುತ್ತಿತ್ತು. ಓಂಕಾರಪ್ಪನವರ ಮುಖ ಒಂದು ಕಡೆ ಕಪ್ಪಗೆ, ಇನ್ನೊಂದು ಕಡೆ ಎಂದಿನಂತೆ ಇತ್ತು. ಯಾರದೋ ಕಿವಿಯಲ್ಲಿ ಇರುವೆ ಸಾಲು. ಮಗ್ಗುಲು ಬದಲಿಸುವಾಗ ಚರಂಡಿಗೆ ಜಾರಿದ್ದವರೊಬ್ಬರು ಅಲ್ಲಿಯೇ ಎದ್ದರು. ಮಕ್ಕಳು ಹಸಿವಿಗೆ ಕಿರುಚುತ್ತಿದ್ದವು. ಹಾಲು ಕರೆಯದೆ ಎಮ್ಮೆಗಳು ಬೇರೆ ಒರಲುತ್ತಿದ್ದವು. ಪೂಜಾರಿ ಅಜ್ಜಯ್ಯನ ತಂಗಿಯ ಕೂಸು ಬೋರಲಾಗಿ ಮಲಗಿ ಮುಖ ನೀಲಿಗಟ್ಟಿತ್ತು. ಬೆನ್ನು ತಟ್ಟಿದೆವು, ಮುಖಕ್ಕೆ ನೀರು ಹಾಕಿದೆವು. ಕಡೆಗೆ ಅತ್ತಿತು. ಆಗ ಯಾರೂ ಹೇಳದಿದ್ದರೂ ನಮಗೆ ತಿಳಿಯಿತು. ಇಷ್ಟು ವರ್ಷ ನೆರಳು ಸರಿಯದೆ ಇದ್ದದ್ದಲ್ಲ. ಅದು ಸರಿದಾಗಲೆಲ್ಲ ಒಬ್ಬಳು ನಮ್ಮ ಮೇಲೆ ಚಾಪೆ ಮರೆ ಮಾಡಿದ್ದಳು, ಕೂಸುಗಳನ್ನು ಮಗ್ಗುಲಾಗಿಸಿದ್ದಳು, ಚರಂಡಿಯಿಂದ ಎಳೆದು ಮಲಗಿಸಿದ್ದಳು. ನಾನು ಬರೆದ ಒಕ್ಕಣೆ ಗೋಡೆಯ ಮೇಲೆ ಹಾಗೆಯೇ ಇತ್ತು.

ಹಾಲಮ್ಮ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಮ್ಮಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನಾನು ಕೇಳಿದೆ. "ಹಾಲಕ್ಕ, ಕೈ ಬಂತಾ?"

"ಇಲ್ಲ ಕಣಪ್ಪ. ನಿದ್ದೆ ಬಂತು, ಕೈ ಬರ್ಲಿಲ್ಲ. ಗುಂಡುಕಲ್ಲು ಬಿದ್ಕಂಡ್ಹಂಗೆ ಬಿದ್ಕಂಡಿದ್ದೆ." ಎಲೆಯನ್ನು ಮಡಚಿ ಕೈಯಲ್ಲಿಯೇ ಹಿಡಿದಳು, ಬಾಯಿಗೆ ಹಾಕಲಿಲ್ಲ. "ನಿಂಗೆ?"

ನನಗೂ ಬಂದಿರಲಿಲ್ಲ. ಅಪ್ಪ ಬಾರದ ಮೊದಲ ದಿನ ಅದು.

ನಾಚಿಕೆಗೇಡೆಂದರೆ, ಯಾತ್ರಿಕರಿಗೆ ಬಹಳ ಸಂತೋಷವಾಗಿತ್ತು. ವಾಚಿನವರು ಇನ್ನೊಮ್ಮೆ ಬಂದು ಓಂಕಾರಪ್ಪನವರ ಕೈ ಕುಲುಕಿದರು. ಇಡೀ ದಿನದ ನಿದ್ದೆ ಇನ್ನು ಯಾವಾಗ ಇಟ್ಟುಕೊಳ್ಳುತ್ತೀರಿ, ಮುಂಚೆಯೇ ಹೇಳಿದರೆ ರಜೆ ಹಾಕಿ ಬರುತ್ತೇವೆ ಎಂದು ಕೇಳುವವರು ಹೆಚ್ಚಾದರು. ಕೈ ಬಾರದ್ದನ್ನು ಅವರಲ್ಲಿ ಬಹಳ ಜನ ಗಮನಿಸಿಯೇ ಇರಲಿಲ್ಲ. ಗಮನಿಸಿದವರು ಏನೂ ಹೇಳದೆ ಬಸ್ಸು ಹತ್ತಿದರು. ಚಾವಡಿಯಲ್ಲಿ ಮತ್ತೆ ಸಮಿತಿ ಕೂತಿತು. ಓಂಕಾರಪ್ಪನವರು ಕೆನ್ನೆಗೆ ಬೆಣ್ಣೆ ಹಚ್ಚಿಕೊಂಡು ಬಂದಿದ್ದರು.

"ತಪ್ಪಾಯ್ತು, ಒಪ್ಕೊಳ್ತೀನಿ," ಎಂದರು. "ಏಳ್ಸೋದನ್ನೂ ರೆಕಾರ್ಡ್ ಮಾಡಿಸ್ಬಿಟ್ರೆ ಸರಿಹೋಯ್ತಲ್ಲ. ನೆರಳಿಗೆ ಶೀಟು ಹಾಕ್ಸಾಣ. ಕೂಸುಗಳ್ನ ಗಡಿ ಆಚೆ ಬಿಟ್ಟು ಬರ್ಲಿ. ಜನ ಕೇಳ್ತಾವ್ರೆ, ಇಲ್ಲ ಅನ್ನಾಕಾಗ್ತದಾ?"

"ಕೈ?" ಎಂದೆ ನಾನು.

ಓಂಕಾರಪ್ಪ ನನ್ನ ಕಡೆ ನೋಡದೆ ಬೆಣ್ಣೆಯನ್ನು ಸರಿಯಾಗಿ ಸವರಿಕೊಂಡರು. "ಕೈ ಬಿಡಪ್ಪ. ಎಷ್ಟು ದಿನ ಅಂತ..." ಎಂದವರು ಅಲ್ಲಿಗೇ ನಿಂತರು. ಅವರಿಗೆ ಬರುತ್ತಿದ್ದ ಕೈ ಯಾರದೋ ನನಗೆ ಗೊತ್ತಿಲ್ಲ. ಆದರೆ ಆ ಮಾತನ್ನು ಮುಗಿಸಲು ಅವರಿಂದ ಆಗಲಿಲ್ಲ. ಕಂಬದ ಹತ್ತಿರ ಕೂತಿದ್ದ ಹಾಲಮ್ಮ ಕೆಮ್ಮಿದಳು.

ಆಗ ಬಾಗಿಲ ಹತ್ತಿರ ನಿಂತಿದ್ದ ಸುನಂದ ಒಳಗೆ ಬಂದಳು. ಸಮಿತಿಗೆ ಅವಳನ್ನು ಯಾರೂ ಕರೆದಿರಲಿಲ್ಲ. "ಮಿಷನ್ನು ಬಿಚ್ಚಿ ಇಳಿಸ್ರಿ," ಎಂದಳು. "ಅದು 'ನಾನಿಲ್ಲೇ ಇರುವೆನು' ಅಂತ ಹಾಡ್ತದೆ. ಎಲ್ಲಿತ್ತು? ಯಾರಿದ್ರು? ಅದಕ್ಕೇ ನಮ್ಮಕ್ಕ ಬರ್ಲಿಲ್ಲ. ಎಚ್ಚರ ಇರೋರು ಒಬ್ರು ಇದ್ರೇನೇ ಅವರು ಬರೋದು."

"ಹಾಡೋರು ಯಾರವ್ವ ಮತ್ತೆ?" ಎಂದ ಪೂಜಾರಿ. "ಹಾಲಮ್ಮನ ಗಂಟಲು ನೋಡಿದ್ಯಲ್ಲ."

"ಮಂಗಳವಾರ ನಾನು ಹಾಡ್ತೀನಿ. ಮಂಗಳವಾರ ಒಂದೇ. ಉಳಿದ ದಿನದ್ದು ಗಂಟಲು ಹೆಂಗಿರ್ತದೋ ಅತ್ತೆ ನೋಡ್ಕೊಳ್ಳಲಿ, ಹಿಂದಿನ ಚಪ್ಪರದೋರು ಮುಂದೆ ಬಂದು ಮಲಗ್ಲಿ."

ಹಾಲಮ್ಮ ತಲೆ ಎತ್ತಿದಳು. "ನಿನ್ನಕ್ಕ ಬಂದು ಕಾಯ್ತಾಳಲ್ಲೇ."

"ಕಾಯ್ಲಿ. ಬುಧವಾರ ಸಿಗ್ತೀನಿ ಅಂತ ಅವಳಿಗೆ ಗೊತ್ತಾಗ್ತದೆ," ಎಂದಳು ಸುನಂದ. ಹೇಳುವಾಗ ಅವಳ ದನಿ ಅಷ್ಟು ಗಟ್ಟಿಯಾಗಿರಲಿಲ್ಲ. ಓಂಕಾರಪ್ಪನವರು ತಲೆಯಾಡಿಸಿದರು.

ಆ ಮಂಗಳವಾರ ಹಾಲಮ್ಮ ಮಗನ ಮದುವೆಯ ಸೀರೆ ಉಡಲಿಲ್ಲ. ಮನೆಯಲ್ಲಿ ಉಡುವ ಸೀರೆಯಲ್ಲಿಯೇ ಬಂದಳು. ಸುನಂದ ಅಂಗಡಿಯಿಂದ ಹೊಸ ದಿಂಬು ತಂದು ಅವಳ ಚಾಪೆಯ ಮೇಲಿಟ್ಟಳು. ಹಾಲಮ್ಮ ಅದನ್ನು ಒತ್ತಿ ನೋಡಿ, ಪಕ್ಕಕ್ಕೆ ಸರಿಸಿ, ತೋಳನ್ನೇ ತಲೆಗೆ ಕೊಟ್ಟುಕೊಂಡಳು. ಸುನಂದ ಗುಡಿಯ ಒಳಗೆ ಹೋದಳು. ಅವಳ ಹಾಡು ಚೆನ್ನಾಗಿರಲಿಲ್ಲ. ಮೊದಲ ಸಾಲನ್ನೇ ಎತ್ತರಕ್ಕೆ ಹಿಡಿದು, ಮೇಲೇರಲಾರದೆ ಇಳಿದು, ಮತ್ತೆ ಶುರುಮಾಡಿದಳು. ಯಾತ್ರಿಕರು ಗೊಣಗಿದರು, ಒಬ್ಬರಂತೂ ಹಳೇ ಸಿಂಗರ್ ಎಲ್ಲಿ ಎಂದು ಕೇಳಿದರು. ಹಳೇ ಸಿಂಗರ್ ಅವರ ಪಕ್ಕದ ಚಾಪೆಯಲ್ಲಿಯೇ ಇದ್ದಳು. ನಾನು ಎಚ್ಚರವಾಗಿದ್ದು ಅವಳ ಮುಖ ನೋಡಬೇಕೆಂದುಕೊಂಡೆ. ನಿದ್ದೆ ತಡವಾಗಿ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂತು. ಕಾಗೆ ಮೊದಲು ಸುಮ್ಮನಾಯಿತು. ಆಮೇಲೆ ನನ್ನ ಬೆನ್ನಿನ ಮೇಲೆ ಆ ಒರಟು ಕೈ ಬಂತು. ಅಪ್ಪ ಎಲ್ಲಿಗೂ ಹೋಗಿರಲಿಲ್ಲ.

ಎದ್ದಾಗ ನನ್ನ ಮುಖದ ಮೇಲೆ ಚಾಪೆಯ ನೆರಳಿತ್ತು. ಎರಡು ಕಲ್ಲಿಗೆ ಚಾಪೆ ಒರಗಿಸಿ ಮರೆ ಮಾಡಿದ್ದರು. ಸುನಂದ ಗುಡಿಯ ಮೆಟ್ಟಿಲ ಮೇಲೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ನಿಂತಿದ್ದಳು. ಕಾಲೆಲ್ಲ ಮಣ್ಣು, ರವಿಕೆ ಬೆವರಿ ಬೆನ್ನಿಗೆ ಅಂಟಿತ್ತು. "ಏನ್ ಜನ ಮಾರಾಯ್ರೆ," ಎಂದಳು ನನ್ನನ್ನು ನೋಡಿ. "ಒಬ್ರೂ ಇಟ್ಟ ಕಡೆ ಇರಲ್ಲ." ಯಾತ್ರಿಕರು ಎದ್ದು ಬಟ್ಟೆ ಕೊಡವಿಕೊಳ್ಳುತ್ತಿದ್ದರು. ಪೂಜಾರಿ ಗಂಟೆ ಬಾರಿಸುತ್ತಿದ್ದ. ಹಾಲಮ್ಮ ಒಬ್ಬಳು ಇನ್ನೂ ಎದ್ದಿರಲಿಲ್ಲ. ಸುನಂದ ಹೋಗಿ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ದೇವರಿಗೆ ಹೇಳಿದ ಮಾತನ್ನೇ ಹೇಳಿದಳು: "ಏಳತ್ತೆ, ಹೊತ್ತು ಇಳೀತು."

ಹಾಲಮ್ಮ ಕಣ್ಣು ತೆರೆದಳು. ಮೇಲಿನ ಹುಣಸೇಕೊಂಬೆಯನ್ನು ನೋಡುತ್ತಾ ಹಾಗೆಯೇ ಮಲಗಿದ್ದಳು. ನಾನು ಕೇಳಲಿಲ್ಲ. ಅವಳೇ ಹೇಳಿದಳು, ನನಗೋ ಸೊಸೆಗೋ ಕೊಂಬೆಗೋ ತಿಳಿಯಲಿಲ್ಲ. "ನಮ್ಮವ್ವಂದು ಎಳೇ ಕೈ ಕಣ್ರೇ. ನಾನು ಮುದುಕಿ ಕೈ ಬರ್ತದೆ ಅನ್ಕಂಡಿದ್ದೆ. ಎಳೇ ಹುಡುಗಿ ಕೈ. ಬಳೆ ತುಂಬಿಸ್ಕಂಡವ್ಳೆ. ನಂಗಿಂತ ಎಷ್ಟೊಂದು ಚಿಕ್ಕೋಳು." ಆಮೇಲೆ ತನ್ನ ಸುಕ್ಕುಗಟ್ಟಿದ ಕೈಯನ್ನು ಎತ್ತಿ ಹಿಂದುಮುಂದು ಮಾಡಿ ನೋಡಿ, ಅದನ್ನು ಸುನಂದಳ ಹೆಗಲ ಮೇಲಿಟ್ಟು ಎದ್ದು ಕೂತಳು.

ಸ್ಪೀಕರುಗಳನ್ನು ಇಳಿಸಿದ್ದಾರೆ. ಗೋಡೆಯ ಮೇಲಿನ ನೆರಳಿನ ಸಾಲಿಗೆ ನಾನೇ ಸುಣ್ಣ ಬಳಿದೆ. ಈಗ ಮಂಗಳವಾರ ಸುನಂದ ಹಾಡುತ್ತಾಳೆ. ಅವತ್ತು ದಿಂಬಿನ ಅಂಗಡಿ ಮುಚ್ಚಿರುತ್ತದೆ, ಯಾತ್ರಿಕರು ತಮ್ಮ ದಿಂಬನ್ನು ತಾವೇ ತರಬೇಕು.